ಕಾಗದವಿಲ್ಲದ ಯುದ್ಧಕ್ಕೆ ಕಾಗದ ಜೋಡಿಸಿದ್ದು

“ಯುದ್ಧದಲ್ಲಿ ಯಾರ ಕೈಕೆಳಗೆ ಇದ್ದಿರಿ?” ಎಂದು ಕೇಳಿದರೆ, ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಲು ಬಂದ ಲಾವೋಸಿನ ಗುಡ್ಡಗಾಡಿನ ಹ್ಮಾಂಗ್ ಜನಾಂಗದ ಮುದುಕರು “ಸ್ಕೈ” ಎನ್ನುತ್ತಿದ್ದರು. ಹೊಸದಾಗಿ ಬಂದ ದುಭಾಷಿಗಳು ಅದನ್ನು ಆಕಾಶ ಎಂದೇ ಹಿಡಿದು ಗಲಿಬಿಲಿಯಾಗುತ್ತಿದ್ದರು. ಲಾವೋಸಿನ ಲಾಂಗ್ ಚೆಂಗ್ ಕಣಿವೆಯಲ್ಲಿ ಬೀಡುಬಿಟ್ಟಿದ್ದ ಸಿಐಎ ಮಂದಿಗೆ ಅಲ್ಲಿ ಚಾಲ್ತಿಯಲ್ಲಿದ್ದ ಹೆಸರು ಅದು. ಅರ್ಜಿಯಲ್ಲಿ “ಸ್ಕೈ” ಎಂದು ಬರೆದರೆ ಯಾವ ಅಧಿಕಾರಿಗೂ ಅರ್ಥವಾಗದು. “ಸಿಐಎ” ಎಂದು ಬರೆಯಲು ಮುದುಕರು ಒಪ್ಪರು, ಯಾರೂ ಅವರಿಗೆ ಆ ಹೆಸರು ಹೇಳಿರಲಿಲ್ಲ. ಕೊನೆಗೆ ಕಾನೂನಿನಲ್ಲಿದ್ದ ಮಾತನ್ನೇ ಬರೆಯುವುದು ರೂಢಿಯಾಯಿತು: ವಿಶೇಷ ಗೆರಿಲ್ಲಾ ಪಡೆ, ಚುಟುಕಾಗಿ ಎಸ್‌ಜಿಯು.

ಮಿನ್ನೆಸೋಟಾದ ಸೇಂಟ್ ಪಾಲ್‌ನಲ್ಲಿ ಮಡಚುವ ಮೇಜು ಹಾಕಿಕೊಂಡು ನಾವು ಹ್ಮಾಂಗ್ ಹಿರಿಯರ ಪೌರತ್ವದ ಅರ್ಜಿ ತುಂಬಿಸುವ ಕೆಲಸ 2000ದ ಬೇಸಿಗೆಯಲ್ಲಿ ಜೋರಾಯಿತು. ಆ ವರ್ಷ ಮೇ 26ರಂದು ಹ್ಮಾಂಗ್ ಯೋಧರ ಪೌರತ್ವ ಕಾನೂನಿಗೆ ಸಹಿ ಬಿದ್ದಿತ್ತು. ಲಾವೋಸಿನಿಂದ ನಿರಾಶ್ರಿತರಾಗಿ ಬಂದವರು, 1961ರ ಫೆಬ್ರವರಿ 28ರಿಂದ 1978ರ ಸೆಪ್ಟೆಂಬರ್ 18ರ ನಡುವೆ ಅಮೆರಿಕದ ಸೇನೆಗೆ ಬೆಂಬಲವಾಗಿ ಲಾವೋಸಿನ ನೆಲೆಗಳಿಂದ ಹೋರಾಡಿದ್ದರೆ, ಇಂಗ್ಲಿಷ್ ಪರೀಕ್ಷೆ ಇಲ್ಲ. ಪೌರನೀತಿಯ ಪ್ರಶ್ನೆಗಳನ್ನು ತಮ್ಮ ಭಾಷೆಯಲ್ಲಿ, ದುಭಾಷಿಯ ಮೂಲಕ, ಸರಳ ಪಟ್ಟಿಯಿಂದ ಉತ್ತರಿಸಬಹುದು. ಹೆಂಡತಿಗೂ ಅದೇ ಅನುಕೂಲ. ಒಟ್ಟು ಮಿತಿ 45,000 ಜನ. ಗಡುವು ಮೊದಲು 18 ತಿಂಗಳು. ಅದೇ ನವೆಂಬರಿನಲ್ಲಿ ತಿದ್ದುಪಡಿಯಾಗಿ ಸತ್ತ ಯೋಧರ ವಿಧವೆಯರೂ ಒಳಗೆ ಬಂದರು, ಮರುವರ್ಷದ ನವೆಂಬರಿನಲ್ಲಿ ಗಡುವಿಗೆ ಇನ್ನೂ 18 ತಿಂಗಳು ಸೇರಿತು.

ಅಷ್ಟು ವರ್ಷ ಸುಮ್ಮನಿದ್ದವರು ಆಗ ಏಕೆ ಮುಗಿಬಿದ್ದರು ಎಂದರೆ 1996ರ ಕಲ್ಯಾಣ ಸುಧಾರಣೆ ಕಾನೂನು. ಪೌರರಲ್ಲದವರ ಆಹಾರದ ಕೂಪನ್ನು, ವೃದ್ಧರ ಮತ್ತು ಅಂಗವಿಕಲರ ಮಾಸಾಶನಗಳ ಮೇಲೆ ಅದು ಕತ್ತರಿ ಹಾಕಿತು. ಆಹಾರದ ಕೂಪನ್ನು 1998ರಲ್ಲಿ ಹ್ಮಾಂಗರಿಗೆ ಮರಳಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಸಾಮಾನ್ಯ ನಿಯಮದಲ್ಲೂ 55 ದಾಟಿ, ಹಸಿರು ಕಾರ್ಡು ಹಿಡಿದು 15 ವರ್ಷವಾಗಿದ್ದರೆ ಇಂಗ್ಲಿಷಿನಿಂದ ವಿನಾಯಿತಿ ಇತ್ತು. ಆದರೆ ಎಂಬತ್ತರ ದಶಕದ ಕೊನೆಗೆ ಬಂದವರಿಗೆ ಒಂದೋ ವಯಸ್ಸು ಕಡಿಮೆ, ಇಲ್ಲವೇ ವರ್ಷ ಕಡಿಮೆ.

ಇಷ್ಟಾಯಿತು. ಇನ್ನು ಹೋರಾಡಿದ್ದಕ್ಕೆ ಪುರಾವೆ?

ಇದು ಕಾಗದ ಹುಟ್ಟಬಾರದೆಂದೇ ನಡೆಸಿದ ಯುದ್ಧ. 1962ರ ಜುಲೈ 23ರ ಜಿನೀವಾ ಒಪ್ಪಂದದ ಪ್ರಕಾರ ಲಾವೋಸ್ ತಟಸ್ಥ ದೇಶ, ಪರದೇಶದ ಸೈನ್ಯ ಅಲ್ಲಿರುವಂತಿಲ್ಲ. ಮೇಲ್ವಿಚಾರಣೆಗೆ ಇದ್ದ ಅಂತರರಾಷ್ಟ್ರೀಯ ಆಯೋಗದ ಅಧ್ಯಕ್ಷತೆ ಭಾರತದ್ದು, ಜೊತೆಗೆ ಕೆನಡಾ ಮತ್ತು ಪೋಲೆಂಡ್. ಉತ್ತರ ವಿಯೆಟ್ನಾಂ ತನ್ನ ಸೈನಿಕರನ್ನು ಹಿಂದೆ ಕರೆಸಲಿಲ್ಲ. ಅಮೆರಿಕ ತನ್ನವರನ್ನು ಕರೆಸಿಕೊಂಡು, ಬಂದೂಕನ್ನು ಹ್ಮಾಂಗರ ಕೈಯಲ್ಲೇ ಬಿಟ್ಟಿತು. ಅದಕ್ಕೂ ಮೊದಲು, 1961ರ ಜನವರಿಯಲ್ಲೇ ಸಿಐಎಯ ಬಿಲ್ ಲೇರ್ ಹ್ಮಾಂಗ್ ಅಧಿಕಾರಿ ವಾಂಗ್ ಪಾವ್‌ನನ್ನು ಕಂಡು ಮಾತು ಮುಗಿಸಿದ್ದ. ಥಾಯ್ ಪೊಲೀಸರ ಪ್ಯಾರಾಶೂಟ್ ಪಡೆ ತರಬೇತಿ ಕೊಡುವುದು, ಸಿಐಎ ಗುಟ್ಟಾಗಿ ನಡೆಸುತ್ತಿದ್ದ ಏರ್ ಅಮೆರಿಕ ಸಂಸ್ಥೆಯ ವಿಮಾನಗಳು ಅಕ್ಕಿ-ಮದ್ದುಗುಂಡು ಇಳಿಸುವುದು, ಗುಡ್ಡದ ಹುಡುಗರು ಹೋರಾಡುವುದು. ನೇಮಕಾತಿ ಪತ್ರ, ಸೇವಾ ಪುಸ್ತಕ, ಬಿಡುಗಡೆ ಪತ್ರ ಯಾವುದೂ ಅಮೆರಿಕದ ಮುದ್ರೆ ಹೊತ್ತು ಹೊರಡಲಿಲ್ಲ.

ಸ್ಥಳೀಯವಾಗಿ ಹುಟ್ಟಿದ ಅಲ್ಪಸ್ವಲ್ಪ ಕಾಗದವೂ 1975ರ ಮೇ ತಿಂಗಳಲ್ಲಿ ಸುಟ್ಟುಹೋಯಿತು. ಕಮ್ಯುನಿಸ್ಟರ ಕೈ ಮೇಲಾಗಿ, ಆ ತಿಂಗಳ 14ರಂದು ವಾಂಗ್ ಪಾವ್ ಲಾಂಗ್ ಚೆಂಗ್ ಬಿಟ್ಟು ಹೊರಟ. ಕೆಲವೇ ವಿಮಾನಗಳಲ್ಲಿ ಥೈಲ್ಯಾಂಡಿನ ನಾಮ್ ಫಾಂಗ್ ತಲುಪಿದವರು ಸುಮಾರು 2,500 ಜನ, ಹೆಚ್ಚಾಗಿ ಅಧಿಕಾರಿಗಳು ಮತ್ತವರ ಕುಟುಂಬದವರು. ಓಡುದಾರಿಯ ಅಂಚಿನಲ್ಲಿ ಉಳಿದವರು ಸಾವಿರಾರು. ಅಮೆರಿಕನ್ನರ ಜೊತೆ ನಿಂತ ಒಂದು ಫೋಟೋ ಸಿಕ್ಕರೂ “ಸೆಮಿನಾರ್” ಎಂಬ ಹೆಸರಿನ ಮರುಶಿಕ್ಷಣ ಶಿಬಿರಕ್ಕೆ ಒಯ್ಯುತ್ತಿದ್ದರು. ಹಾಗಾಗಿ ಒಲೆಗೆ ಹಾಕಿದರು, ಹೂತರು, ಮೆಕಾಂಗ್ ನದಿಗೆ ಬಿಟ್ಟರು. ಇಪ್ಪತ್ತೈದು ವರ್ಷದ ಮೇಲೆ ಮೇಜಿನಾಚೆ ಕೂತವರನ್ನು “ದಾಖಲೆ ಇದೆಯೇ” ಎಂದು ಕೇಳುವಾಗ ಬಾಯಿ ಒಣಗುತ್ತಿತ್ತು.

ಕಾನೂನು ಬರೆದವರಿಗೆ ಇದು ಗೊತ್ತಿತ್ತು ಎನ್ನಬೇಕು. ಮೂಲ ದಾಖಲೆ ಇಲ್ಲದಿದ್ದರೆ ಮೇಲಧಿಕಾರಿಯ ಅಫಿಡವಿಟ್, ಅಥವಾ ಜೊತೆಗೆ ಹೋರಾಡಿದ ಇಬ್ಬರ ಅಫಿಡವಿಟ್, ಅಥವಾ ಸೂಕ್ತವಾದ ಬೇರೆ ಪುರಾವೆ ಸಾಕು ಎಂದಿತ್ತು. ಕೇಳಲು ಸುಲಭ. ಆದರೆ ಅಫಿಡವಿಟ್ಟಿಗೂ ಮೊದಲು ಅರ್ಜಿಯ ಮೊದಲ ಕಾಲಮ್ಮು ಬರುತ್ತದೆ: ಹೆಸರು.

ಹ್ಮಾಂಗರಲ್ಲಿ ಕುಲದ ಹೆಸರು ಮೊದಲು. ವಾಂಗ್ ಪಾವ್ ಎಂದರೆ ವಾಂಗ್ ಕುಲದ ಪಾವ್. ಅಮೆರಿಕದ ಅರ್ಜಿಯಲ್ಲಿ ಅದು ತಿರುಗುತ್ತದೆ. ಥೈಲ್ಯಾಂಡಿನ ನಿರಾಶ್ರಿತರ ಶಿಬಿರದಲ್ಲಿ ಥಾಯ್ ಗುಮಾಸ್ತರು ಒಂದು ರೀತಿ, ವಿಮಾನ ನಿಲ್ದಾಣದಲ್ಲಿ ಇನ್ನೊಂದು ರೀತಿ ಬರೆದಿರುತ್ತಾರೆ. ಒಂದೇ ಕುಲ ಲೀ, ಲಿ, ಲೈ ಎಂದು ಮೂರು ಬಗೆ ಕಾಗುಣಿತದಲ್ಲಿ ಬಂದಿರುತ್ತದೆ. 1950ರ ದಶಕದ ಆರಂಭದಲ್ಲಿ ಮಿಷನರಿಗಳು ಹ್ಮಾಂಗ್ ಭಾಷೆಗೆ ರೋಮನ್ ಲಿಪಿ ಹೊಂದಿಸಿದಾಗ ಸ್ವರದ ಏರಿಳಿತ ತೋರಿಸಲು ಪದದ ಕೊನೆಗೆ ಉಚ್ಚರಿಸದ ಒಂದು ವ್ಯಂಜನ ಇಟ್ಟರು. ಆ ಲಿಪಿಯಲ್ಲಿ ವಾಂಗ್ ಎನ್ನುವುದನ್ನು ಬರೆದರೆ ಇಂಗ್ಲಿಷಿನವರು “ವಾಜ್” ಎಂದು ಓದುತ್ತಾರೆ. ಮೊಮ್ಮಗ ಅಕ್ಕರೆಯಿಂದ ಶುದ್ಧ ಹ್ಮಾಂಗ್ ಕಾಗುಣಿತದಲ್ಲಿ ತುಂಬಿ ತಂದ ಅರ್ಜಿಗಳನ್ನು ಪೂರ್ತಿ ಹರಿದು ಹೊಸದಾಗಿ ಬರೆಯಬೇಕಾಗುತ್ತಿತ್ತು.

ಇದಕ್ಕಿಂತ ದೊಡ್ಡ ತೊಡಕು ಹಿರಿಯ ಹೆಸರು. ಗಂಡಸಿಗೆ ಮದುವೆಯಾಗಿ ಮಕ್ಕಳಾದ ಮೇಲೆ ಹೆಂಡತಿಯ ತವರಿನವರು ಮುಂದೊಂದು ಪದ ಸೇರಿಸಿ ಹೊಸ ಹೆಸರು ಕೊಡುತ್ತಾರೆ. ಹದಿನಾರಕ್ಕೆ ಬಂದೂಕು ಹಿಡಿದಾಗ ಒಂದು ಹೆಸರು, ಇಪ್ಪತ್ತೆರಡಕ್ಕೆ ಇನ್ನೊಂದು. ಜೊತೆಗಾರರು ಅಫಿಡವಿಟ್ಟಿನಲ್ಲಿ ಹಳೆಯ ಹೆಸರು ಹೇಳುತ್ತಾರೆ, ಹಸಿರು ಕಾರ್ಡಿನಲ್ಲಿ ಹೊಸದು ಇರುತ್ತದೆ, ಅಧಿಕಾರಿ ಇಬ್ಬರು ಬೇರೆ ವ್ಯಕ್ತಿಗಳು ಎನ್ನುತ್ತಾನೆ. ಮದ್ದು ಸರಳ: “ಬಳಸಿದ ಇತರ ಹೆಸರುಗಳು” ಎಂಬ ಕಾಲಮ್ಮಿನಲ್ಲಿ ಎಲ್ಲವನ್ನೂ ಬರೆಯುವುದು, ಹಿರಿಯ ಹೆಸರು ಯಾವ ವರ್ಷದಿಂದ ಎಂಬುದನ್ನು ಬೇರೆ ಹಾಳೆಯಲ್ಲಿ ಎರಡೇ ಸಾಲಿನಲ್ಲಿ ವಿವರಿಸುವುದು. ಅಫಿಡವಿಟ್ ಕೊಡುವವರೂ ಎರಡು ಹೆಸರನ್ನೂ ಹೇಳಲೇಬೇಕು. ಹೆಂಗಸರದು ಬೇರೆ ಕಥೆ. ಮದುವೆಯಾದರೂ ಅವರು ತಂದೆಯ ಕುಲದಲ್ಲೇ ಉಳಿಯುತ್ತಾರೆ. ಒಂದೇ ಕುಲದೊಳಗೆ ಮದುವೆ ನಿಷಿದ್ಧ (ನಮ್ಮ ಸಗೋತ್ರದ ಲೆಕ್ಕವೇ), ಹಾಗಾಗಿ ಗಂಡ ಹೆಂಡತಿಯ ಕುಲನಾಮ ಯಾವತ್ತೂ ಬೇರೆ. ಶಿಬಿರದಲ್ಲಿ ಕೆಲವರಿಗೆ ಗಂಡನ ಕುಲವನ್ನೇ ಅಂಟಿಸಿದ್ದರು. ಮದುವೆ ನಡೆದದ್ದು ಮಧ್ಯಸ್ಥರ ಮುಂದೆ, ಮಾತಿನ ಮೇಲೆ. ಪತ್ರವಿಲ್ಲ.

ಎರಡನೆಯದು ಹುಟ್ಟಿದ ದಿನ. ನೂರು ಅರ್ಜಿ ನೋಡಿದರೆ ಎಷ್ಟೋ ಜನ ಜನವರಿ 1ಕ್ಕೆ ಹುಟ್ಟಿರುತ್ತಾರೆ, ಅದು ಗುಮಾಸ್ತರು ಕೊಟ್ಟ ದಿನ. ವರ್ಷವೂ ನಂಬುವಂಥದ್ದಲ್ಲ. ಶಾಲೆಗೆ ಸೇರಲೋ ಕೆಲಸಕ್ಕೆ ಸಿಗಲೋ ಶಿಬಿರದಲ್ಲಿ ವಯಸ್ಸು ಇಳಿಸಿದವರುಂಟು. ಹಾಗೆ 1955 ಎಂದು ಬರೆಸಿಕೊಂಡವರು ಈಗ 1961ರಿಂದ ಸೇವೆ ಎಂದರೆ ಆರು ವರ್ಷದ ಸಿಪಾಯಿ ಎದ್ದು ನಿಲ್ಲುತ್ತಾನೆ. ಹನ್ನೆರಡು ಹದಿಮೂರರ ಹುಡುಗರು ನಿಜಕ್ಕೂ ಇದ್ದರು, ಅರವತ್ತರ ದಶಕದ ಕೊನೆಗೆ ದೊಡ್ಡವರು ಸತ್ತು ಮುಗಿಯುತ್ತ ಬಂದಂತೆ ಹುಡುಗರನ್ನೇ ತುಂಬಿದರು. ಅದನ್ನು ಅಧಿಕಾರಿಗಳೂ ಒಪ್ಪುತ್ತಿದ್ದರು. ಆರು ವರ್ಷವನ್ನು ಯಾರೂ ಒಪ್ಪರು. ಕಾರ್ಡಿನ ತಾರೀಕನ್ನು ಆ ಹಂತದಲ್ಲಿ ಮುಟ್ಟಬಾರದು, ಮುಟ್ಟಿದರೆ ಕಡತ ವರ್ಷಗಟ್ಟಲೆ ನಿಲ್ಲುತ್ತದೆ. ಸೇವೆ ಆರಂಭವಾದ ವರ್ಷವನ್ನು ಸರಿಯಾಗಿ ನೆನಪಿಸಿಕೊಳ್ಳುವುದೇ ದಾರಿ.

ಅದಕ್ಕೆ ಮೇಜಿನ ಮೇಲೆ ಒಂದು ಹಾಳೆ ಇಟ್ಟುಕೊಂಡೆವು. ತಮಾಷೆಗೆ ಪಂಚಾಂಗ ಎನ್ನುತ್ತಿದ್ದೆವು. ನಮ್ಮ ಕಡೆ ಅಜ್ಜಿಯರು “ಪ್ಲೇಗು ಬಂದು ಊರು ಬಿಟ್ಟ ವರ್ಷ” ಎಂದು ಹೇಳುತ್ತಿದ್ದಂತೆ ಹ್ಮಾಂಗರಿಗೆ ಯುದ್ಧವೇ ಕಾಲಮಾನ. ಪಾ ಡಾಂಗ್ ಬಿದ್ದದ್ದು 1961ರ ಜೂನ್. ಲಾಂಗ್ ಚೆಂಗ್‌ನಲ್ಲಿ ನೆಲೆ ಎದ್ದದ್ದು 1962. ಫಾ ಥಿ ಬೆಟ್ಟದ ಮೇಲಿನ ಅಮೆರಿಕದ ರಾಡಾರ್ ನೆಲೆ ಕೈತಪ್ಪಿದ್ದು 1968ರ ಮಾರ್ಚ್. ಜಾಡಿಗಳ ಬಯಲನ್ನು ಗೆದ್ದದ್ದು 1969ರ ಮಳೆಗಾಲ, ಕಳೆದುಕೊಂಡದ್ದು 1970ರ ಫೆಬ್ರವರಿ. ಸಾಮ್ ಥಾಂಗ್ ಬಿದ್ದದ್ದು ಅದೇ ಮಾರ್ಚ್. ಲಾಂಗ್ ಚೆಂಗ್ ಮೇಲಿನ ದಿಣ್ಣೆಯ ಕಾಳಗ 1971ರ ಕೊನೆಯಿಂದ 1972. ಕದನವಿರಾಮ 1973ರ ಫೆಬ್ರವರಿ. “ಫಾ ಥಿ ಬೀಳುವಾಗ ನೀವು ಬಂದೂಕು ಹಿಡಿದಾಗಿತ್ತೇ, ಮದುವೆಯಾಗಿತ್ತೇ, ಮೊದಲ ಮಗು ಇತ್ತೇ?” ಎಂದು ಕೇಳಿದರೆ ಹತ್ತು ನಿಮಿಷದಲ್ಲಿ ವರ್ಷ ಸಿಗುತ್ತದೆ. “ಯಾವ ಇಸವಿ?” ಎಂದು ಕೇಳಿದರೆ ಒಂದು ಗಂಟೆಯಾದರೂ ಸಿಗುವುದಿಲ್ಲ.

ಬಂದೂಕಿನಿಂದಲೂ ಕಾಲ ಹಿಡಿಯಬಹುದು. ಮೊದಲ ವರ್ಷಗಳಲ್ಲಿ ಬಂದದ್ದು ಎರಡನೇ ಮಹಾಯುದ್ಧದ ಕಾಲದ ಕಾರ್ಬೈನು, ಗರಾಂಡು. ಎಂ-16 ಕೈಗೆ ಬಂದದ್ದು ಎಷ್ಟೋ ತಡವಾಗಿ. 1962ರಲ್ಲೇ ಎಂ-16 ಹಿಡಿದಿದ್ದೆ ಎಂದರೆ ವರ್ಷ ತಪ್ಪು, ಇಲ್ಲವೇ ಮಾತು ತಪ್ಪು. ಎರಡನೆಯದೂ ಇತ್ತು. ಅಣ್ಣನ ಸೇವೆಯನ್ನು ತನ್ನದೆಂದು ಹೇಳಿಕೊಂಡವರು, ಹಣ ಕೊಟ್ಟು ಅಫಿಡವಿಟ್ ಕೊಂಡವರು ಬಂದಿದ್ದಾರೆ. ಇಂಥ ಕಡೆ ಅಕ್ಕಿಯ ಪ್ರಶ್ನೆ ಕೇಳಬೇಕು. ಹೊಲ ಬಿಟ್ಟು ಹೋರಾಡಿದ ಜನಕ್ಕೆ ಅಕ್ಕಿ ವಿಮಾನದಿಂದಲೇ ಬೀಳುತ್ತಿತ್ತು, ಪ್ಯಾರಾಶೂಟ್ ಇಲ್ಲದೆ. ಒಂದು ಚೀಲ ಹಾಗೇ ಬಿದ್ದರೆ ಒಡೆದು ಚೆಲ್ಲುತ್ತದೆ, ಅದಕ್ಕೆ ಚೀಲದೊಳಗೆ ಚೀಲ. ಬಿದ್ದ ಹೊಡೆತಕ್ಕೆ ಒಳಗಿನದು ಒಡೆದರೂ ಹೊರಗಿನ ಸಡಿಲ ಚೀಲ ಹಿಡಿದುಕೊಳ್ಳುತ್ತದೆ. ಆ ಚೀಲ ತಲೆಯ ಮೇಲೆ ಬಿದ್ದು ಸತ್ತವರಿದ್ದರು. ಇದನ್ನು ಕಂಡವರು ಕೈ ಆಡಿಸಿಯೇ ಹೇಳುತ್ತಾರೆ.

ಅಫಿಡವಿಟ್ಟಿನಲ್ಲಿ ಇರಲೇಬೇಕಾದವು: ಕೊಡುವವರ ಎಲ್ಲ ಹೆಸರು ಮತ್ತು ಅವರದೇ ಸೇವೆಯ ವಿವರ, ಅರ್ಜಿದಾರರ ಎಲ್ಲ ಹೆಸರು, ಪಡೆ ಅಥವಾ ಬೆಟಾಲಿಯನ್ನು, ನಾಯಕನ ಹೆಸರು, ಯಾವ ಲಿಮಾ ಸೈಟಿನಲ್ಲಿ, ಯಾವ ವರ್ಷದಿಂದ ಯಾವ ವರ್ಷಕ್ಕೆ, ಒಬ್ಬರನ್ನೊಬ್ಬರು ಹೇಗೆ ಬಲ್ಲರು, ಮತ್ತು ನೋಟರಿಯ ಮುದ್ರೆ. ಲಿಮಾ ಸೈಟ್ ಎಂದರೆ ಗುಡ್ಡ ಸವರಿ ಮಾಡಿದ ಓಡುದಾರಿಗಳು, ಒಂದೊಂದಕ್ಕೆ ಒಂದು ಸಂಖ್ಯೆ. ಸಾಮ್ ಥಾಂಗ್ 20. ಲಾಂಗ್ ಚೆಂಗ್ “20 ಆಲ್ಟರ್ನೇಟ್”. ಪತ್ರಕರ್ತರನ್ನು, ಅತಿಥಿಗಳನ್ನು 20ಕ್ಕೆ ಕರೆದೊಯ್ದು ಶಾಲೆ ಆಸ್ಪತ್ರೆ ತೋರಿಸುತ್ತಿದ್ದರು, ಯುದ್ಧ ನಡೆಸುತ್ತಿದ್ದದ್ದು ಗುಡ್ಡದಾಚೆಯ ಆಲ್ಟರ್ನೇಟಿನಿಂದ. ಆ ಒಂದು ಪದ ಬಿಟ್ಟುಹೋದರೆ ಇಬ್ಬರು ಸಾಕ್ಷಿಗಳ ಹೇಳಿಕೆ ಬೇರೆ ಬೇರೆ ಊರಿನದಾಗುತ್ತದೆ.

ಅತಿ ಹೆಚ್ಚು ತಿರಸ್ಕಾರ ತಂದದ್ದು ನಕಲು. ಯಾರೋ ಒಬ್ಬರು ಚೆನ್ನಾಗಿ ಬರೆಸಿದ ಅಫಿಡವಿಟ್ಟನ್ನು ಇಡೀ ಕುಲ ಹೆಸರು ಬದಲಿಸಿ ಬಳಸುತ್ತಿತ್ತು. ಒಂದೇ ವಾಕ್ಯ ನಲವತ್ತು ಕಡತದಲ್ಲಿ ಕಂಡರೆ ಅಧಿಕಾರಿ ನಲವತ್ತನ್ನೂ ಪಕ್ಕಕ್ಕಿಡುತ್ತಾನೆ. ನಿಜದ ಸೇವೆ ಮಾಡಿದವರೂ ಹೀಗೆ ಸಿಕ್ಕಿಬಿದ್ದರು. ತಪ್ಪು ಇಂಗ್ಲಿಷಿನಲ್ಲಿದ್ದರೂ ಚಿಂತೆಯಿಲ್ಲ, ಅವರವರ ಮಾತು ಅವರವರದೇ ಆಗಿರಬೇಕು.

ಇನ್ನೊಂದು ಮೂಲ ಬಹಳ ಜನಕ್ಕೆ ತಿಳಿದಿರಲಿಲ್ಲ. ಥಾಯ್ ಶಿಬಿರಗಳಲ್ಲಿ ಅಮೆರಿಕದ ಪರವಾಗಿ ಸಂದರ್ಶನ ಮಾಡಿದವರು ಆಗಲೇ “ಯಾವ ಪಡೆ, ಯಾವ ನಾಯಕ” ಎಂದು ಕೇಳಿ ಬರೆದುಕೊಂಡಿದ್ದರು, ಸೇನಾ ಸೇವೆಗೆ ಆದ್ಯತೆ ಇತ್ತಲ್ಲ. ಆ ಹಾಳೆ ವಲಸೆ ಇಲಾಖೆಯ ಕಡತದಲ್ಲೇ ಕೂತಿರುತ್ತದೆ. ಆಗ ಜಿ-639 ಎಂಬ ನಮೂನೆ ತುಂಬಿ ಕಡತದ ಪ್ರತಿ ಕೇಳಬಹುದಿತ್ತು. ಬರಲು ತಿಂಗಳುಗಟ್ಟಲೆ ಬೇಕು, ಆದ್ದರಿಂದ ಮೊದಲು ಕಳಿಸಬೇಕಾದ ಕಾಗದ ಅದು. ಬಂದ ಮೇಲೆ ಅದರಲ್ಲಿ ಅನುಕೂಲವೇ ಇರುತ್ತದೆಂದು ಹೇಳಲಾಗದು. ಅಂದು ಹೆದರಿ “ರೈತ” ಎಂದಷ್ಟೇ ಬರೆಸಿದವರೂ ಇದ್ದರು.

ಹೆಂಡತಿಯರ ಕಾಲಮ್ಮಿನಲ್ಲಿ ಮೇಜಿನ ಸುತ್ತ ಮಾತು ನಿಲ್ಲುತ್ತಿತ್ತು. ಯುದ್ಧದಲ್ಲಿ ಸತ್ತ ಅಣ್ಣನ ಹೆಂಡತಿಯನ್ನು ತಮ್ಮ ಕಟ್ಟಿಕೊಳ್ಳುವುದು ಪದ್ಧತಿ. ಅಮೆರಿಕ ಒಬ್ಬಳನ್ನೇ ಹೆಂಡತಿಯೆಂದು ಒಳಗೆ ಬಿಡುತ್ತದೆ. ಶಿಬಿರದಲ್ಲಿ ಇನ್ನೊಬ್ಬಳನ್ನು ತಂಗಿ ಎಂದೋ ವಿಧವೆ ಎಂದೋ ಬರೆಸಿರುತ್ತಾರೆ. ಪೌರತ್ವದ ಅರ್ಜಿ ನೇರವಾಗಿ ಕೇಳುತ್ತದೆ: ಒಂದೇ ಕಾಲಕ್ಕೆ ಒಬ್ಬರಿಗಿಂತ ಹೆಚ್ಚು ಜನರೊಂದಿಗೆ ವಿವಾಹವಾಗಿದ್ದಿರಾ? ಇದಕ್ಕೆ ನಮ್ಮ ಮೇಜಿನಲ್ಲಿ ಉತ್ತರ ಬರೆಯುತ್ತಿರಲಿಲ್ಲ, ವಲಸೆ ವಕೀಲರ ಬಳಿಗೆ ಕಳಿಸುತ್ತಿದ್ದೆವು. ಮೊಮ್ಮಗಳನ್ನು ದುಭಾಷಿಯಾಗಿ ಕೂರಿಸಿಕೊಂಡು ಈ ಪ್ರಶ್ನೆ ಕೇಳುವ ತಪ್ಪನ್ನಂತೂ ಮಾಡಬಾರದು.

ದೇಶಕ್ಕೆ ಬಂದ ದಾರಿಯ ತಾರೀಕುಗಳು ಎಂದೂ ತಾಳೆಯಾಗುವುದಿಲ್ಲ. ನದಿ ದಾಟಿದ್ದು ರಾತ್ರಿ, ಬಿದಿರಿನ ತುಂಡುಗಳನ್ನು ಕಂಕುಳಿಗೆ ಕಟ್ಟಿಕೊಂಡು ಅಥವಾ ಗಾಳಿ ತುಂಬಿದ ಟ್ಯೂಬು ಹಿಡಿದು. ಮಕ್ಕಳು ಅಳಬಾರದೆಂದು ಅಫೀಮು ನೆಕ್ಕಿಸುತ್ತಿದ್ದರು, ಚೂರು ಹೆಚ್ಚಾದರೆ ಮಗು ಏಳುತ್ತಿರಲಿಲ್ಲ. ಮಕ್ಕಳೆಷ್ಟು ಎಂಬ ಕಾಲಮ್ಮಿನಲ್ಲಿ ಇದು ಮೇಲೆದ್ದು ಬರುತ್ತದೆ. ಆಗ ಪೆನ್ನು ಕೆಳಗಿಟ್ಟು ಕಾಯಬೇಕು, ಬೇರೇನೂ ಮಾಡುವುದಿಲ್ಲ. ಕಡತದಲ್ಲಿ ಇರುವುದು ನದಿ ದಾಟಿದ ದಿನವಲ್ಲ, ಶಿಬಿರದಲ್ಲಿ ಹೆಸರು ಬರೆಸಿದ ದಿನ. ಲೋಯಿ ಪ್ರಾಂತ್ಯದ ಬಾನ್ ವಿನಾಯ್ ಶಿಬಿರ 1975ರ ಕೊನೆಗೆ ತೆರೆದು 1992ರಲ್ಲಿ ಮುಚ್ಚಿತು, ಎಂಬತ್ತರ ದಶಕದ ನಡುವೆ ಅಲ್ಲಿ 40,000ಕ್ಕೂ ಹೆಚ್ಚು ಜನ. ಅಲ್ಲಿಂದ ಫನತ್ ನಿಖೋಮ್ ಎಂಬ ತಂಗುಶಿಬಿರ, ಎದೆಯ ಎಕ್ಸ್‌ರೇ, ಇಂಗ್ಲಿಷ್ ಪಾಠ, ವಿಮಾನದ ಟಿಕೆಟ್ಟಿಗೆ ಸಾಲಪತ್ರ. ಆ ಟಿಕೆಟ್ಟಿನ ಸಾಲ ತಿಂಗಳ ಕಂತಿನಲ್ಲಿ ತೀರಿಸಿದ ರಸೀದಿ ಕಟ್ಟುಗಳನ್ನು ಮಾತ್ರ ಬಹುತೇಕ ಎಲ್ಲರೂ ಜೋಪಾನವಾಗಿ ಇಟ್ಟಿದ್ದರು. ಅರ್ಜಿಗೆ ಅದು ಬೇಕಾಗಿಲ್ಲ.

ಚಿಕ್ಕ ವಿಷಯಗಳು ಬೇಗ ಮುಗಿಯುತ್ತವೆ. ಶುಲ್ಕ ಆಗ 225 ಡಾಲರ್, ಬೆರಳಚ್ಚಿಗೆ 25. ಫೋಟೋ ಆಗ ಮುಕ್ಕಾಲು ಪಾರ್ಶ್ವದ್ದು, ಬಲಗಿವಿ ಕಾಣಬೇಕಿತ್ತು, ನೇರ ನೋಡುವ ಫೋಟೋ ತಂದರೆ ವಾಪಸ್ ಮಾಡುತ್ತಿದ್ದರು. ಕೂಲಿ ಮಾಡಿ ಸವೆದ ಬೆರಳಿನ ಗೆರೆ ಯಂತ್ರಕ್ಕೆ ಹತ್ತುವುದಿಲ್ಲ. ಎರಡು ಸಲ ವಿಫಲವಾದರೆ ಪೊಲೀಸರಿಂದ ಪತ್ರ ತರಬೇಕು. ಹಿಂದಿನ ದಿನವೇ ಕೈಗೆ ಎಣ್ಣೆ ಸವರಿಕೊಂಡು ಬನ್ನಿ ಎನ್ನುತ್ತಿದ್ದೆವು.

ಸಂದರ್ಶನದ ಕೊನೆಯಲ್ಲಿ ಒಂದು ಪ್ರಶ್ನೆ ಇದೆ: ಕಾನೂನು ಕೇಳಿದರೆ ಅಮೆರಿಕದ ಪರವಾಗಿ ಆಯುಧ ಹಿಡಿಯಲು ಸಿದ್ಧರಿದ್ದೀರಾ? ದುಭಾಷಿ ಅದನ್ನು ಹೇಳಿದಾಗ ಕೆಲವರು ನಗುತ್ತಿದ್ದರು, ಕೆಲವರು “ಮತ್ತೆ?” ಎಂದು ಕೇಳುತ್ತಿದ್ದರು. “ಹೌದು” ಎನ್ನಬೇಕು, ಅಷ್ಟೇ. ವಿಚಿತ್ರವೆಂದರೆ, 2001 ಮತ್ತು 2005ರ ಭಯೋತ್ಪಾದನಾ ವಿರೋಧಿ ಕಾನೂನುಗಳ ವ್ಯಾಖ್ಯೆಯಲ್ಲಿ ಸರ್ಕಾರದ ವಿರುದ್ಧ ಆಯುಧ ಹಿಡಿದ ಯಾವ ಗುಂಪೂ ಭಯೋತ್ಪಾದಕ ಗುಂಪಾಯಿತು. ಆಗ ಹಸಿರು ಕಾರ್ಡಿಗೆ ಕಾಯುತ್ತಿದ್ದ ಹ್ಮಾಂಗರು ಅಮೆರಿಕ ಕೊಟ್ಟ ಬಂದೂಕಿನ ಕಾರಣಕ್ಕೇ ಅದರೊಳಗೆ ಬಿದ್ದರು. 2007ರ ಡಿಸೆಂಬರಿನಲ್ಲಿ ಹ್ಮಾಂಗರನ್ನು ಹೆಸರಿಸಿ ಹೊರಗಿಡುವ ತಿದ್ದುಪಡಿ ಬಂತು. ಅಷ್ಟರವರೆಗೆ “ಹೋರಾಡಿದ್ದೆ” ಎಂದು ಒಂದು ಅರ್ಜಿಯಲ್ಲಿ ಹೆಮ್ಮೆಯಿಂದ ಬರೆಸಿದವರ ತಮ್ಮಂದಿರು ಇನ್ನೊಂದು ಅರ್ಜಿಯಲ್ಲಿ ಅದನ್ನೇ ಬರೆಯಲು ನಡುಗುತ್ತಿದ್ದರು.

ಈಗ ಬರುವ ನಮೂನೆ ಬೇರೆ. 2018ರ ಕಾನೂನು ಈ ಯೋಧರಿಗೆ ರಾಷ್ಟ್ರೀಯ ಸೈನಿಕ ಸ್ಮಶಾನಗಳಲ್ಲಿ ಜಾಗ ಕೊಟ್ಟಿತು, ಆರ್ಲಿಂಗ್ಟನ್ ಒಂದನ್ನು ಬಿಟ್ಟು. ಮೊದಲಿಗೆ 2000ದ ಕಾನೂನಿನಡಿ ಪೌರರಾದವರಿಗಷ್ಟೇ. ಅದಕ್ಕೂ ಮೊದಲೇ ಕಷ್ಟಪಟ್ಟು ಇಂಗ್ಲಿಷ್ ಕಲಿತು ಸಾಮಾನ್ಯ ದಾರಿಯಲ್ಲಿ ಪರೀಕ್ಷೆ ಪಾಸಾದವರು ಹೊರಗೆ ಉಳಿದರು, ಆಮೇಲೆ ಅದು ಸಡಿಲವಾಯಿತು. ಬದುಕಿರುವಾಗಲೇ ಅರ್ಹತೆ ಖಚಿತಪಡಿಸಿಕೊಳ್ಳಲು 40-10007 ಎಂಬ ನಮೂನೆ ಕಳಿಸಬಹುದು. ಪೌರತ್ವದ ಪ್ರಮಾಣಪತ್ರದ ಜೊತೆ ಹಳೆಯ ಅಫಿಡವಿಟ್ಟುಗಳನ್ನೂ ಲಗತ್ತಿಸಬೇಕು. ಸಾಕ್ಷಿ ಹೇಳಿದ ಇಬ್ಬರೂ ಈಗ ಇರುವುದಿಲ್ಲ, ಹಾಗಾಗಿ ಅವತ್ತಿನ ಪ್ರತಿ ಇಟ್ಟುಕೊಂಡವರಿಗೆ ಮಾತ್ರ ದಾರಿ ಸುಲಭ.

ಸೈನಿಕ ಸ್ಮಶಾನಕ್ಕೂ ಹ್ಮಾಂಗ್ ಸಾವಿಗೂ ಹೊಂದಾಣಿಕೆ ಕಷ್ಟ. ಅಂತ್ಯಕ್ರಿಯೆ ಮೂರು ನಾಲ್ಕು ದಿನ, ಹಗಲು ರಾತ್ರಿ, ಡೋಲು ಮತ್ತು ಬಿದಿರಿನ ಊದುವಾದ್ಯದೊಂದಿಗೆ ನಡೆಯುತ್ತದೆ. ಗುಡ್ಡದ ಇಳಿಜಾರು ನೋಡಿ ಗುಳಿ ಆರಿಸಬೇಕು, ಪೆಟ್ಟಿಗೆಯಲ್ಲಿ ಲೋಹದ ಮೊಳೆಯೂ ಇರಬಾರದು, ಉಡುಪಿನಲ್ಲಿ ಜಿಪ್ ಕೂಡ ಇರಬಾರದು. ಮಿನಿಯಾಪೊಲಿಸ್‌ನ ಫೋರ್ಟ್ ಸ್ನೆಲ್ಲಿಂಗ್ ಸಮತಟ್ಟು ನೆಲ, ಅಲ್ಲಿ ಸಾಲು ಅವರು ಹೇಳಿದ್ದೇ, ದಫನ ವಾರದ ದಿನಗಳಲ್ಲಿ ಮಾತ್ರ. ಶುಕ್ರವಾರ ಆರಂಭಿಸಿ ಸೋಮವಾರ ಮುಗಿಸುವಂತೆ ಮನೆಯವರು ಲೆಕ್ಕ ಹಾಕುತ್ತಾರೆ. ಮರದ ಪೆಟ್ಟಿಗೆಗೆ ಮೊದಲೇ ಹೇಳಿರಬೇಕು.

ಮೊದಲ ದಿನ ಹಾಡುವ ದಾರಿ ತೋರುವ ಹಾಡಿಗೆ ಒಂದು ಪಟ್ಟಿ ಬೇಕು. ಸತ್ತವರು ಬದುಕಿದ್ದ ಊರುಗಳೆಲ್ಲ, ಕೊನೆಯದರಿಂದ ಹಿಂದಕ್ಕೆ, ಒಂದನ್ನೂ ಬಿಡದೆ, ಹುಟ್ಟಿದಾಗಿನ ಮಾಸು ಹೂತ ಹುಟ್ಟೂರಿನವರೆಗೆ. ಒಂದೊಂದು ಊರಿನ ದೇವತೆಗಳಿಗೂ ಕೃತಜ್ಞತೆ ಹೇಳಿ, ಜೀವವನ್ನು ಮುಂದಿನ ಊರಿಗೆ ದಾಟಿಸಬೇಕು. ಮಕ್ಕಳಿಗೆ ಸೇಂಟ್ ಪಾಲ್ ಗೊತ್ತು, ಬಾನ್ ವಿನಾಯ್ ಗೊತ್ತು, ನದಿಯಾಚೆಯದು ಗೊತ್ತಿಲ್ಲ. ಆಗ ಫೋನು ಬರುತ್ತದೆ, ಅಪ್ಪನ ಅರ್ಜಿಯ ಪ್ರತಿ ಇದೆಯೇ ಎಂದು. ಅರ್ಜಿಯಲ್ಲಿ ಕೊನೆಯ ಐದು ವರ್ಷದ ವಿಳಾಸಕ್ಕಷ್ಟೇ ಜಾಗ. ಉಳಿದ ಊರುಗಳು, ಸೈಟಿನ ಸಂಖ್ಯೆಗಳ ಸಮೇತ, ಪಂಚಾಂಗದ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿವೆ. ಅದನ್ನು ಜೆರಾಕ್ಸ್ ಮಾಡಿ ಕಳಿಸುತ್ತೇವೆ.